ಅನುಮಾನ ಬಂದವರೇ ನೋಡಬೇಕು

ಮಾರ್ಚ್ ೪, ಸೋಮವಾರ

ಮಾವ ಬಂದಿಳಿದರು. ಇಳಿದರು ಎನ್ನುವುದು ಬಾಯಿಮಾತು. ಆಂಬುಲೆನ್ಸಿನ ಇಬ್ಬರು ಅವರನ್ನು ಸ್ಟ್ರೆಚರ್ ಸಮೇತ ಎತ್ತಿ, ಬಾಗಿಲಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ, ಬೀರು ಸಾಗಿಸುವವರಂತೆ ಒಳಗೆ ತಂದರು. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದರು. ಆಪರೇಷನ್ ಆಯಿತು, ಮೂಳೆ ಕೂಡಿತು, ಆಸ್ಪತ್ರೆಯವರು ಸಾಕೆಂದರು. ಇನ್ನು ಮುಂದೆ ನಮ್ಮ ಮುಂದಿನ ಕೋಣೆ ಅವರದು.

ಅವರು ಯಾವಾಗಲೂ ಇರುವುದು ದೊಡ್ಡ ಮಗಳ ಮನೆಯಲ್ಲಿ. ದೊಡ್ಡ ಅಳಿಯ, ಅಂದರೆ ನನ್ನ ಷಡ್ಡಕ, ಹಲ್ಲಿನ ಡಾಕ್ಟರು. ಕೆಳಗೆ ಕ್ಲಿನಿಕ್ಕು, ಮೇಲೆ ಮನೆ. ಮೆಟ್ಟಿಲು ಹತ್ತಲಾರದವರನ್ನು ಮೇಲೆ ಇಡುವಂತಿಲ್ಲ, ಕೆಳಗೆ ಇಟ್ಟರೆ ಪೇಷಂಟುಗಳು ಎಲ್ಲಿ ಬಾಯಿ ತೆರೆಯಬೇಕು? ನೆಲಮಹಡಿಯ ಮನೆಯಲ್ಲಿ ಬಡಪಾಯಿ ನಾನಿದ್ದೇನಲ್ಲ. ಮೆಟ್ಟಿಲು ಹತ್ತುವಂತಾದ ದಿನವೇ ಬಂದು ಕರೆದುಕೊಂಡು ಹೋಗುತ್ತೇನೆಂದು ಷಡ್ಡಕರು ಮೂವತ್ತೆರಡೂ ಹಲ್ಲು ತೋರಿಸಿ ಹೇಳಿದರು. ಮೂರು ದಿಂಬು ಮತ್ತು ಹೇರಳ ಸಲಹೆ ಕೊಟ್ಟು ಹೊರಟರು.

ನನ್ನ ಕುರ್ಚಿ ಬಾಲ್ಕನಿಗೆ ಹೋಯಿತು. ಟೀವಿಯ ಮುಂದೆ ಔಷಧಿಗಳು ಸಾಲಾಗಿ ನಿಂತವು. ನಡೆಯಲೆಂದು ಆಸ್ಪತ್ರೆಯವರು ಕೊಟ್ಟ ವಾಕರ್ ಮೂಲೆಯಲ್ಲಿದೆ. ಸದ್ಯಕ್ಕೆ ಅದರ ಮೇಲೆ ನನ್ನ ಟವಲ್ ಒಣಗುತ್ತಿದೆ.

ಮಾವ ನಿವೃತ್ತ ತೂಕ-ಅಳತೆ ಇನ್‌ಸ್ಪೆಕ್ಟರು. ಊರಿನ ಅಂಗಡಿಗಳ ತಕ್ಕಡಿಗಳನ್ನೆಲ್ಲ ಅನುಮಾನಿಸಿ ಸಂಬಳ ಎಣಿಸಿದವರು. ಕೈಕೆಳಗಿನವರ ಮಾತನ್ನೂ ನಂಬದೆ ಪ್ರತಿ ತೂಕದ ಕಲ್ಲನ್ನೂ ಕೈಯಾರೆ ಎತ್ತಿ ನೋಡುತ್ತಿದ್ದರಂತೆ. ನನ್ನನ್ನು ಮದುವೆಯ ಮಾತುಕತೆಯ ದಿನವೇ ಎತ್ತಿ ನೋಡಿ, ತೂಕ ಕಮ್ಮಿ ಎಂದು ಬರೆದುಕೊಂಡಿದ್ದಾರೆ. ಹಾಗಾಗಿಯೇ ಈ ದಿನಚರಿ. ಈ ಮನೆಯಲ್ಲಿ ನಾನು ಹೇಳಿದ್ದನ್ನು ಯಾರೂ ತಿದ್ದದ ಜಾಗ ಇದೊಂದೇ.

ಮಾರ್ಚ್ ೭, ಗುರುವಾರ

ಫಿಸಿಯೋಥೆರಪಿಯ ಹೆಂಗಸು ಬಂದಿದ್ದರು. ಏಳಿ ಎಂದರು, ಮಾವ ನಾಳೆ ಎಂದರು. ಕಾಲು ಕೆಳಗಿಡಿ ಎಂದರು, ನಾಳೆ ಎಂದರು. ಅವರ ಈಗಿನ ಪ್ರಪಂಚವೆಂದರೆ ಹಾಸಿಗೆಯಿಂದ ಪಕ್ಕದ ಕಮೋಡ್ ಕುರ್ಚಿ, ಅಲ್ಲಿಂದ ವಾಪಸ್ಸು ಹಾಸಿಗೆ. ಅದೂ ನಾನು ತೋಳು ಕೊಟ್ಟರೆ.

ಹೋಗುವಾಗ ಆಕೆ ಅಡುಗೆಮನೆಯಲ್ಲಿ ನನ್ನ ಹೆಂಡತಿಗೆ ದನಿ ತಗ್ಗಿಸಿ ಹೇಳಿದರು: "ಮೂಳೆಗೆ ಈಗ ಏನೂ ತೊಂದ್ರೆ ಇಲ್ಲ. ಭಯ ಹಿಡ್ಕೊಂಡಿದೆ. ಈ ಒಂದೆರಡು ತಿಂಗಳಲ್ಲಿ ಎದ್ದು ಓಡಾಡಲಿಲ್ಲ ಅಂದ್ರೆ ಆಮೇಲೆ ಏಳೋದೇ ಇಲ್ಲ. ಹಾಸಿಗೆನೇ ಗತಿ."

ಹೆಂಡತಿ ನಲ್ಲಿ ತಿರುಗಿಸಿ, ತೊಳೆದ ಲೋಟವನ್ನೇ ಮತ್ತೆ ತೊಳೆದಳು. ಹಾಗಾದರೆ ಮುಂದಿನ ಕೋಣೆಯ ಗತಿ ಏನು ಎಂದು ಕೇಳಿದೆ. ಅವಳು ನನ್ನ ಕಡೆ ನೋಡಿದ ರೀತಿಗೆ ಒಂದು ಪದವಿರಬೇಕು, ನನಗೆ ಗೊತ್ತಿಲ್ಲ.

ಮಾರ್ಚ್ ೧೦, ಭಾನುವಾರ

ಷಡ್ಡಕರು ಉಡುಗೊರೆ ಹಿಡಿದು ಬಂದರು. ಇಂಗ್ಲಿಷ್ ಅಕ್ಷರಗಳ ಬಿಲ್ಲೆ ಜೋಡಿಸಿ ಪದ ಕಟ್ಟುವ ಆಟ. ಕ್ಯೂ, ಝಡ್‌ನಂಥ ಯಾರಿಗೂ ಬೇಡದ ಅಕ್ಷರಗಳಿಗೇ ಹೆಚ್ಚು ಅಂಕ. ಮಾವನ ತಲೆಗೆ ವ್ಯಾಯಾಮವಂತೆ. ಕಾಲಿನ ವ್ಯಾಯಾಮ ನಮಗೆ ಬಿಟ್ಟು ತಲೆಯದ್ದನ್ನು ತಾವು ವಹಿಸಿಕೊಂಡಿದ್ದಾರೆ.

ಮಾವ ಆಟಕ್ಕೆ ಮೊದಲು ಎರಡು ಕಾನೂನು ಮಾಡಿದರು. ಒಂದು, ಪದ ಇಟ್ಟವರು ಅದರ ಅರ್ಥ ಹೇಳಬೇಕು. ಹೇಳದಿದ್ದರೆ ಪದ ಹೋಯಿತು. ಎರಡು, ಪದದ ಮೇಲೆ ಅನುಮಾನ ಬಂದವರೇ ಡಿಕ್ಷನರಿ ತೆಗೆದು ನೋಡಬೇಕು. ಇನ್ನೊಬ್ಬರು ತೆಗೆದುಕೊಡುವ ಹಾಗಿಲ್ಲ, ಫೋನಿನಲ್ಲಿ ನೋಡುವ ಹಾಗೂ ಇಲ್ಲ. ಸುಳ್ಳು ಪದವಾದರೆ ಇಟ್ಟವರ ಸರದಿ ಹೋಗುತ್ತದೆ, ನಿಜವಾದರೆ ಅನುಮಾನಿಸಿದವರದು. ಹೆಂಡತಿ ಕಾಲೇಜಿನಲ್ಲಿ ಓದುವಾಗ ಕೊಂಡಿದ್ದ ದಪ್ಪ ಕೆಂಪು ಡಿಕ್ಷನರಿ ಮಾವನ ಮೊಣಕೈ ಪಕ್ಕದ ಸ್ಟೂಲಿಗೆ ಬಂತು.

ಷಡ್ಡಕರು ಝಡ್, ಎ, ಎಕ್ಸ್ ಇಟ್ಟರು. ಝಾಕ್ಸ್. ಮಾಡಿಗೆ ಹೊದಿಸುವ ಕಲ್ಲುಹಲಗೆ ಕತ್ತರಿಸುವ ಆಯುಧವಂತೆ. ಹಲ್ಲು ಕೀಳುವವರಿಗೆ ಇದು ಹೇಗೆ ಗೊತ್ತು ಎಂದು ನಾನು ಯೋಚಿಸುತ್ತಿರುವಾಗಲೇ ಮಾವ ತಲೆದೂಗಿದರು. ಡಿಕ್ಷನರಿ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಸರದಿ ಬಂತು. ಬಹಳ ಹೊತ್ತು ಅಳೆದು ಸುರಿದು ಕ್ಯಾಟ್ ಎಂದು ಇಟ್ಟೆ.

"ಅಳಿಯಂದ್ರೆ, ಒಂದು ಬೆಕ್ಕು ಇಡಕ್ಕೆ ಇಷ್ಟು ಹೊತ್ತು ಬೇಕಿತ್ತಾ?" ಎಂದರು ಮಾವ.

ಷಡ್ಡಕರು ನಗಲಿಲ್ಲ. ನಕ್ಕಿದ್ದರೆ ಸಹಿಸಬಹುದಿತ್ತು.

ಮಾರ್ಚ್ ೧೩, ಬುಧವಾರ

ಬೇಟೆ ಶುರುವಾಗಿದೆ.

ನನ್ನ ಕೆಲಸ ಲಿಫ್ಟ್ ಕಂಪನಿಯ ದೂರು ಫೋನು ಎತ್ತುವುದು. ಬೆಳಗಿನಿಂದ ಮಧ್ಯಾಹ್ನದವರೆಗೆ. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವರಿಗೆ ಗಾಬರಿಯಾಗಬೇಡಿ ಎನ್ನಬೇಕು, ಮೆಕ್ಯಾನಿಕ್ಕನ್ನು ಕಳಿಸಬೇಕು. ಯಾರೂ ಸಿಕ್ಕಿಕೊಳ್ಳದ ಹೊತ್ತಿನಲ್ಲಿ ಈಗ ನಾನು ವಿಚಿತ್ರ ಪದಗಳನ್ನು ಹೆಕ್ಕುತ್ತೇನೆ. ಇದೇ ಒಂದು ಲೋಕ. ಯು ಇಲ್ಲದ ಕ್ಯೂ ಪದಗಳು, ಸ್ವರವೇ ಇಲ್ಲದ ಪದಗಳು, ಎರಡೇ ಅಕ್ಷರದ ಬಂಗಾರದ ತುಣುಕುಗಳು. ಇಂಗ್ಲಿಷಿನವರು ಇವನ್ನೆಲ್ಲ ಯಾವಾಗ ಆಡುತ್ತಾರೋ ದೇವರೇ ಬಲ್ಲ. ವಗ್ ಎಂದರೆ ಬಂಡೆಯೊಳಗಿನ ಸಣ್ಣ ಪೊಟರೆ. ಬಂಡೆಯೊಳಗೆ ಇಣುಕುವ ಪ್ರಸಂಗ ನನಗೆ ಈ ಜನ್ಮದಲ್ಲಿ ಬಂದಿಲ್ಲ. ವಿ ಮತ್ತು ಜಿ ಕೈಯಲ್ಲಿ ಉಳಿದುಬಿಡುವ ಪ್ರಸಂಗ ದಿನಾ ಬರುತ್ತದೆ.

ಹೆಂಡತಿಗೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಮಧ್ಯಾಹ್ನದ ಪಾಳಿ. ಸಂಜೆಯವರೆಗೂ ಮನೆಯಲ್ಲಿ ನಾನು, ಮಾವ, ಬಿಲ್ಲೆಗಳು.

ಮಾರ್ಚ್ ೧೪, ಗುರುವಾರ

ಅನ್ಯಾಯ. ಕ್ಯೂ, ಐ ಇಟ್ಟೆ. ಎರಡಕ್ಷರ, ಕೈತುಂಬ ಅಂಕ. ಮಾವ ಅರ್ಥ ಕೇಳಿದರು. ಏನೋ ಚೀನಾ ದೇಶದ್ದು ಎಂದೆ. ಏನೋ ಅಂದರೆ? ಗೊತ್ತಿಲ್ಲ. ಪದವನ್ನು ತಾವೇ ಎರಡು ಬೆರಳಲ್ಲಿ ಎತ್ತಿ ನನ್ನ ಮುಂದಿಟ್ಟರು, ಕೊಳೆತ ತರಕಾರಿ ವಾಪಸ್ಸು ಕೊಡುವವರ ಹಾಗೆ.

ಪದ ಅಪ್ಪಟ ಅಸಲಿ, ಡಿಕ್ಷನರಿಯಲ್ಲಿದೆ. ಅರ್ಥ ಬಾರದ್ದಕ್ಕೆ ಬಿದ್ದುಹೋಯಿತು. ಕಾನೂನು ಇದೇ ಆದರೆ, ಅರ್ಥ ಚೆನ್ನಾಗಿ ಹೇಳಿದ ಸುಳ್ಳು ಪದ ನಿಲ್ಲಬೇಕಲ್ಲ?

ಮಾರ್ಚ್ ೧೮, ಸೋಮವಾರ

ಸುಳ್ಳಿಗೆ ಇಳಿಯುವ ಮೊದಲು ನಿಜವನ್ನೇ ಇನ್ನೊಮ್ಮೆ ಪ್ರಯತ್ನಿಸಿದೆ. ಎ, ಐ. ಅರ್ಥ ಉರು ಹೊಡೆದುಕೊಂಡು ಹೋಗಿದ್ದೆ. ಅದೊಂದು ಮೂರು ಬೆರಳಿನ ಪ್ರಾಣಿ ಮಾವ, ದಿನವಿಡೀ ಬಿದ್ದುಕೊಂಡಿರುತ್ತದೆ, ಯಾರು ಎಬ್ಬಿಸಿದರೂ ಏಳುವುದಿಲ್ಲ ಎಂದೆ. ಕೊನೆಯ ಮಾತು ಡಿಕ್ಷನರಿಯಲ್ಲಿರಲಿಲ್ಲ, ನಾನು ಸೇರಿಸಿದ್ದು.

ಮಾವ ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡರು. ಅಂಕ ಬರೆದುಕೊಳ್ಳಿ ಎಂದು ಗೋಡೆಯ ಕಡೆ ತಿರುಗಿದರು. ಆಮೇಲೆ ಆಡಲಿಲ್ಲ. ಕಾಫಿ ಕೊಟ್ಟೆ, ಹಾಗೇ ಆರಿಹೋಯಿತು.

ಅಂಕವಂತೂ ಬಂತು. ಬೇರೆ ಪದ ಇಡಬಹುದಿತ್ತು.

ಮಾರ್ಚ್ ೨೧, ಗುರುವಾರ

ಮೊದಲ ಸುಳ್ಳು. ಕ್ವೋಲ್ಟ್. ಲಿಫ್ಟಿನ ರಾಟೆ ಜಾರದ ಹಾಗೆ ಹಿಡಿಯುವ ಮೊಳೆ ಎಂದೆ, ವೃತ್ತಿಯ ಗತ್ತಿನಲ್ಲಿ. ಮಾವ ಮೊಣಕೈ ಸರಿಸಿ, ಡಿಕ್ಷನರಿ ತೆಗೆದು, ಕನ್ನಡಕ ಏರಿಸಿ, ಅರೆಗಳಿಗೆಯಲ್ಲಿ ನನ್ನನ್ನು ಹಿಡಿದುಬಿಟ್ಟರು.

"ಕಲ್ಲಿನ ತಳ ಕೊರೆದು ಮೇಣ ತುಂಬಿದವ್ರನ್ನ ನೋಡಿದೀನಿ. ಅವ್ರ ಮುಖನೂ ಹೀಗೇ ಇರ್ತಿತ್ತು" ಎಂದರು.

ಮುಖಕ್ಕೆ ಮಂಗಳಾರತಿ. ಸಂಜೆ ಕೋಣೆ ಗುಡಿಸುವ ನೆಪದಲ್ಲಿ ಡಿಕ್ಷನರಿಯನ್ನು ಎದುರು ಗೋಡೆಯ ಶೋಕೇಸಿಗೆ ಸಾಗಿಸಿದೆ. ಸ್ಟೂಲಿನ ಮೇಲೆ ಧೂಳು ಹೆಚ್ಚು.

ಮಾರ್ಚ್ ೨೨, ಶುಕ್ರವಾರ

ಗೆದ್ದೆ! ಜೋಲ್ಮ್ ಎಂದು ಇಟ್ಟೆ: ಹಡಗಿನ ಹಗ್ಗದ ತುದಿಗೆ ಹಾಕುವ ಗಂಟು. ಮಾವನ ಕೈ ತಾನಾಗಿ ಸ್ಟೂಲಿಗೆ ಹೋಗಿ ಬರಿಗೈಯಾಗಿ ಮರಳಿತು. ಡಿಕ್ಷನರಿ ಕೊಡಿ ಎಂದರು. ಕೊಡುತ್ತಿದ್ದೆ ಮಾವ, ಆದರೆ ಕಾನೂನು ನಿಮ್ಮದೇ ಅಲ್ಲವೇ ಎಂದೆ. ಶೋಕೇಸಿನ ಗಾಜಿನ ಹಿಂದೆ ಕೆಂಪಗೆ ಕಾಣುತ್ತಿತ್ತು. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಮೂಲೆಯ ವಾಕರನ್ನು ನೋಡಿದರು. ಜೋಲ್ಮ್ ನಿಂತಿತು.

ಸಂಜೆ ಹೆಂಡತಿ ಬಂದ ಮೇಲೂ ಅವಳ ಕೈಲಿ ತರಿಸಲಿಲ್ಲ. ಸ್ವಾಭಿಮಾನ ಎಂದರೆ ಅದು. ಊಟದ ನಡುವೆ ಮಾತ್ರ, ಹಡಗಿನ ಹಗ್ಗಕ್ಕೆ ಗಂಟು ಯಾಕೆ ಹಾಕುತ್ತಾರೆ ಎಂದು ಅವಳನ್ನು ಕೇಳಿದರಂತೆ.

ಮಾರ್ಚ್ ೨೫, ಸೋಮವಾರ

ಇವತ್ತು ಸೋತೆ, ಅದೂ ಹೀನಾಯವಾಗಿ. ಎಫ್, ಆರ್, ಎ, ಎಸ್, ಕೆ. ಫ್ರಾಸ್ಕ್. ಬಾಟಲಿಯ ತಳದಲ್ಲಿ ಉಳಿಯುವ ಕೊನೆಯ ಗುಟುಕು. ಇಷ್ಟು ಸೊಗಸಾದ ಅರ್ಥ ಎಷ್ಟು ನಿಜವಾದ ಪದಗಳಿಗಿದೆ? ನಾನು ಅಂಕ ಕೂಡುತ್ತ ಕೂತಿದ್ದೆ. ಒದ್ದೆ ಟವಲ್ ಬಂದು ತೊಡೆಯ ಮೇಲೆ ಬಿತ್ತು. ತಲೆ ಎತ್ತಿದರೆ ಮಾವ ಕಮೋಡ್ ಕುರ್ಚಿಯ ಕೈ ಹಿಡಿದು ನಿಂತು ವಾಕರ್ ಎಳೆದುಕೊಳ್ಳುತ್ತಿದ್ದಾರೆ. ತುಟಿ ಕಚ್ಚಿಕೊಂಡಿದ್ದರು. ಕಾಲು ನಡುಗುತ್ತಿತ್ತು. ಒಂದೊಂದೇ ಹೆಜ್ಜೆ, ಬಯ್ಯುತ್ತ ಬಯ್ಯುತ್ತ, ಶೋಕೇಸಿನವರೆಗೆ ಹೋಗಿ ನಿಂತುಕೊಂಡೇ ಪುಟ ತಿರುವಿದರು.

"ಇಲ್ಲ. ಸುಳ್ಳು" ಎಂದರು. ಆ ದನಿಯಲ್ಲಿದ್ದ ಸಂತೋಷವನ್ನು ನಾನು ಮರೆಯುವುದಿಲ್ಲ. ಒಬ್ಬ ಮನುಷ್ಯನ ಮಾನ ತೆಗೆಯುವುದರಲ್ಲಿ ಎಂಥ ಸುಖ.

ವಾಪಸ್ಸು ಬರಲು ಬಲ ಸಾಲದೆ ನಿಂತುಬಿಟ್ಟರು, ನಾನು ಕುರ್ಚಿ ಒಯ್ದು ಕೂರಿಸಿದೆ. ಫ್ರಾಸ್ಕ್‌ನಂಥ ಪದ ವ್ಯರ್ಥವಾಯಿತಲ್ಲ ಎಂದು ಸಂಜೆ ಹೆಂಡತಿಯ ಹತ್ತಿರ ಗೋಳು ತೋಡಿಕೊಂಡೆ. ಅವಳು ಪದದ ವಿಷಯ ಕೇಳಲೇ ಇಲ್ಲ. ಬಾಗಿಲಿಗೆ ಒರಗಿ ಅತ್ತಳು.

ಮಾರ್ಚ್ ೨೮, ಗುರುವಾರ

ಫಿಸಿಯೋ ಬಂದಾಗ ಮಾವನದು ಮತ್ತೆ ನಾಳೆ ರಾಗ. ಆಕೆಗೆ ನಡೆದದ್ದನ್ನು ಹೇಳಿದರೆ ನಂಬಲಿಲ್ಲ. ನೀವೇನು ಮಾಡಿದಿರಿ ಎಂದು ಕೇಳಿದರು. ಮೋಸ ಮಾಡಿದೆ ಎಂದೆ. ಆಕೆ ನಕ್ಕು, ದಿನಾ ಮಾಡಿ ಎಂದರು. ನನ್ನ ಆಟದ ತಂತ್ರದಲ್ಲಿ ಇವರೆಲ್ಲ ಯಾಕೆ ಮೂಗು ತೂರಿಸಬೇಕು?

ಡಿಕ್ಷನರಿಯನ್ನು ಮಲಗುವ ಕೋಣೆಯ ಗಿಡ್ಡ ಬೀರುವಿನ ಮೇಲಿಟ್ಟಿದ್ದೇನೆ. ಶೋಕೇಸು ಹತ್ತಿರವಾಯಿತು, ಸಿಕ್ಕಿಬೀಳುವ ಅಪಾಯ ಹೆಚ್ಚು. ಮಧ್ಯದ ಓಡಾಟದ ಜಾಗದಲ್ಲಿದ್ದ ಚಪ್ಪಲಿ ಸ್ಟ್ಯಾಂಡು, ಹಳೆ ಪೇಪರಿನ ಕಟ್ಟು ತೆಗೆದು ಬಾಲ್ಕನಿಗೆ ಹಾಕಿದೆ. ಬಹಳ ದಿನದಿಂದ ತೆಗೆಯಬೇಕೆಂದಿದ್ದೆ. ನನ್ನ ಕುರ್ಚಿಗೆ ಅಲ್ಲೂ ಜಾಗವಿಲ್ಲ ಈಗ.

ಮಾರ್ಚ್ ೩೧, ಭಾನುವಾರ

ಷಡ್ಡಕರ ಸವಾರಿ. ಆಟದ ನಡುವೆ ನಾನು ಹೊಸ ಸುಳ್ಳೊಂದನ್ನು ಇಟ್ಟೆ. ಮಾವ ಹುಬ್ಬು ಗಂಟಿಕ್ಕಿ ವಾಕರ್ ಕಡೆ ಕೈ ಚಾಚುವಷ್ಟರಲ್ಲಿ, ನೀವ್ಯಾಕೆ ಮಾವ ಆಯಾಸ ಮಾಡ್ಕೋತೀರಿ ಎಂದು ಷಡ್ಡಕರು ಎದ್ದರು. ಮಹಾ ಉಪಕಾರಿಯಂತೆ ಬೀರುವಿನ ಮೇಲಿಂದ ಡಿಕ್ಷನರಿ ತಂದು ಅವರ ತೊಡೆಯ ಮೇಲಿಟ್ಟರು.

ನನಗೇನಾಯಿತೋ. "ಎಲ್ಲಿತ್ತೋ ಅಲ್ಲೇ ಇಡಿ" ಎಂದೆ. ದನಿ ಸ್ವಲ್ಪ ಜೋರಾಯಿತು. ಷಡ್ಡಕರು ಕಕ್ಕಾಬಿಕ್ಕಿಯಾದರು. ಒಂದು ಪುಸ್ತಕಕ್ಕೆ ಇಷ್ಟು ಜಿಪುಣತನವೇ ಎಂಬಂತೆ ಅವರ ಹೆಂಡತಿ, ನನ್ನ ಹೆಂಡತಿಯ ಅಕ್ಕ, ನನ್ನನ್ನು ನೋಡಿದರು. ಅಷ್ಟರಲ್ಲಿ ಮಾವ ಡಿಕ್ಷನರಿಯನ್ನು ತೆರೆಯದೆ ಎತ್ತಿ ಷಡ್ಡಕರ ಕೈಗೆ ಕೊಟ್ಟರು.

"ಇಟ್ಟು ಬನ್ನಿ. ಕಾನೂನು ಕಾನೂನೇ."

ಆಮೇಲೆ ತಾವೇ ಎದ್ದು ಹೋಗಿ ನೋಡಿ ಬಂದು ನನ್ನ ಪದವನ್ನು ಕಿತ್ತುಹಾಕಿದರು. ದೊಡ್ಡ ಅಳಿಯನ ಮುಂದೆ ಮೀಸೆ ಮಣ್ಣಾಯಿತು. ಆದರೂ ಅವರು ನಡೆಯುವುದನ್ನು ಬಾಯಿ ತೆರೆದುಕೊಂಡು ನೋಡುತ್ತಿದ್ದ ಹಲ್ಲಿನ ಡಾಕ್ಟರ ಹಿಂದಿನ ಎರಡು ಹಲ್ಲಿಗೆ ಸಿಮೆಂಟು ತುಂಬಿದ್ದು ಕಾಣಿಸಿತು. ಅಷ್ಟು ಸಮಾಧಾನ.

ಏಪ್ರಿಲ್ ೪, ಗುರುವಾರ

ಒಬ್ಬಾಕೆ ಲಿಫ್ಟಿನಲ್ಲಿ ಸಿಕ್ಕಿಕೊಂಡು ಫೋನಿನಲ್ಲಿ ಅಳುತ್ತಿದ್ದರು. ಗಾಬರಿಯಾಗಬೇಡಿ ಎಂದಷ್ಟೂ ಅಳು ಜೋರು. ಬೇಸತ್ತು, ಎಕ್ಸ್‌ನಿಂದ ಮುಗಿಯುವ ಒಂದು ಇಂಗ್ಲಿಷ್ ಪದ ಹೇಳಿ ಎಂದೆ. ಏನು ಎಂದರು. ಎಕ್ಸ್, ಕೊನೆಯಲ್ಲಿ ಎಕ್ಸ್ ಬರಬೇಕು ಎಂದೆ. ಬಾಕ್ಸ್ ಎಂದರು. ಅದು ಎಲ್ಲರಿಗೂ ಗೊತ್ತು, ಬೇರೆ ಹೇಳಿ ಎಂದೆ. ಮೆಕ್ಯಾನಿಕ್ಕು ಬಾಗಿಲು ತೆಗೆದಾಗ ಆಕೆಯೇ, ಒಂದು ನಿಮಿಷ ತಡೀರಿ ಅಂದರಂತೆ. ಜನ ವಿಚಿತ್ರ.

ಇವತ್ತು ಡಿಕ್ಷನರಿ ಅಡುಗೆಮನೆಯಲ್ಲಿತ್ತು. ಮಾವ ಮೊದಲು ಶೋಕೇಸು, ಆಮೇಲೆ ಬೀರು, ಕೊನೆಗೆ ಅಡುಗೆಮನೆ ಹುಡುಕಿದರು. ಅವರ ಹಿಂದೆಯೇ ನಾನು ನೀರು ಕುಡಿಯಲು ಹೊರಟಿದ್ದೆ, ಒಂದು ಕುರ್ಚಿ ಹಿಡಿದುಕೊಂಡು. ಕುರ್ಚಿ ಯಾಕೆ ಎಂದು ಕೇಳಿದರು. ಕೂತು ಕುಡಿಯಲು ಎಂದೆ. ಈಚೆಗೆ ನನಗೆ ಬಾಯಾರಿಕೆ ಹೆಚ್ಚು.

ಸುಳ್ಳು ಪದ ಕಟ್ಟುವುದರಲ್ಲೂ ಕುಶಲತೆ ಬೇಕು. ತೀರಾ ನಂಬುವಂತಿದ್ದರೆ ಮಾವ ಬಿಟ್ಟುಬಿಡುತ್ತಾರೆ. ತೀರಾ ಹುಚ್ಚಾಗಿದ್ದರೆ ನಕ್ಕು ಕಿತ್ತುಹಾಕುತ್ತಾರೆ. ಅವರ ಹೊಟ್ಟೆಯಲ್ಲಿ ಸಣ್ಣಗೆ ತುರಿಕೆ ಏಳುವಂತಿರಬೇಕು.

ಏಪ್ರಿಲ್ ೯, ಮಂಗಳವಾರ

ಅಡುಗೆಮನೆಯ ಬಾಗಿಲಲ್ಲಿ ಕಾಲೊರಸಿಗೆ ವಾಕರಿನ ಕಾಲು ಸಿಕ್ಕಿತು. ಮಾವ ವಾಲಿದರು. ನಾನು ನೀರಿಗೆ ಹೋಗುತ್ತಿದ್ದೆನಾದ್ದರಿಂದ ಹಿಂದಿನಿಂದ ಹಿಡಿದೆ, ಇಬ್ಬರೂ ಗೋಡೆಗೆ ಒರಗಿ ಉಳಿದೆವು. ಅವರ ಮೊಣಕೈ ತರಚಿತು, ಅಷ್ಟೇ.

ಹೆಂಡತಿ ಬಂದು ಮೊಣಕೈ ನೋಡಿದಳು. ಒಂದೊಂದಾಗಿ ಎಲ್ಲ ಹೊರಬಂತು: ಸುಳ್ಳು ಪದ, ಶೋಕೇಸು, ಬೀರು, ಅಡುಗೆಮನೆ.

"ಗೆಲ್ಲೋದಕ್ಕೋಸ್ಕರ ನನ್ನಪ್ಪನ್ನ ಮನೆ ತುಂಬ ಅಲೆಸ್ತಿದೀರಾ? ಮತ್ತೆ ಬಿದ್ದಿದ್ರೆ?"

ನಾನು ದಿನಾ ಸೋಲುತ್ತಿದ್ದೇನೆ ಎನ್ನಬೇಕೆಂದಿದ್ದೆ. ಡಿಕ್ಷನರಿ ಮಾವನ ಮೊಣಕೈ ಪಕ್ಕದ ಸ್ಟೂಲಿಗೆ ಮರಳಿತು. ಕಾಲೊರಸನ್ನು ನಾನು ಕಸಕ್ಕೆ ಹಾಕಿದೆ.

ಏಪ್ರಿಲ್ ೧೨, ಶುಕ್ರವಾರ

ಮಾವ ಏಳುತ್ತಿಲ್ಲ. ಟವಲ್ ಮತ್ತೆ ವಾಕರಿನ ಮೇಲೆ.

ಏಪ್ರಿಲ್ ೧೩, ಶನಿವಾರ

ಹೆಂಡತಿಗೆ ರಜೆ. ಮಧ್ಯಾಹ್ನ ಆಟಕ್ಕೆ ಕೂತೆವು. ಪರೀಕ್ಷೆಗೆಂದು ಕೈಯಲ್ಲಿದ್ದ ಬಿಲ್ಲೆಗಳನ್ನೆಲ್ಲ ಬಂದ ಹಾಗೆ ಸಾಲಾಗಿ ಇಟ್ಟುಬಿಟ್ಟೆ. ಎಲ್, ಎಲ್, ಯು, ಡಿ, ವೈ, ಟಿ. ಮಾವ ಅರ್ಥ ಕೇಳಲಿಲ್ಲ. ಪಕ್ಕದಲ್ಲೇ ಡಿಕ್ಷನರಿ, ಕೈ ಚಾಚಿದರೆ ಸಾಕು.

"ಇರ್ಲಿ" ಎಂದು ಕಣ್ಣು ಮುಚ್ಚಿದರು.

ಇಷ್ಟು ದಿನಕ್ಕೊಂದು ದೊಡ್ಡ ಗೆಲುವು. ಅದನ್ನು ಇಟ್ಟುಕೊಂಡು ಏನು ಮಾಡಬೇಕೋ ತಿಳಿಯದೆ ಬಿಲ್ಲೆಗಳನ್ನೇ ನೋಡುತ್ತ ಕೂತೆ. ಹೆದರಿಕೆಯಾಯಿತು.

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅಲ್ಲಿಂದ ನೇರ ಬಂದು ಡಿಕ್ಷನರಿಯನ್ನು ಎತ್ತಿ ಕಂಕುಳಲ್ಲಿಟ್ಟುಕೊಂಡು ಹೊರಗೆ ಹೋದಳು. ಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಸದ್ದು ಮೇಲಕ್ಕೆ ಹೋಗಿ ಕೆಳಕ್ಕೆ ಬಂತು. ಬರುವಾಗ ಕೈ ಖಾಲಿ.

"ಮೇಲಿನ ಟೈಲರಮ್ಮನ ಹತ್ರ ಕೊಟ್ಟಿದೀನಿ. ಯಾರಿಗೆ ಅನುಮಾನ ಇದ್ಯೋ ಅವ್ರು ಹೋಗಿ ನೋಡ್ಕೊಳ್ಳಿ."

ಮಾವ ಒಂದು ಕಣ್ಣು ತೆರೆದರು. ಆಟದ ಹಲಗೆಯ ಕಡೆ ನೋಡಿದರು. "ಏನ್ರೀ ಅದು, ಎಲ್ ಎಲ್ ಯು?" ಎಂದು ನನ್ನನ್ನು ಕೇಳಿದರು.

ಏಪ್ರಿಲ್ ೧೬, ಮಂಗಳವಾರ

ಮೆಟ್ಟಿಲೆಂದರೆ ಹುಡುಗಾಟವಲ್ಲ. ಫಿಸಿಯೋ ಬಂದು ಕಂಬಿ ಹಿಡಿದು ಹತ್ತುವ ಬಗೆ ಹೇಳಿಕೊಟ್ಟರು. ಮಾವ ಈ ಸಲ ನಾಳೆ ಎನ್ನಲಿಲ್ಲ, ಒಳ್ಳೆಯ ಕಾಲು ಮೊದಲೋ ಕೆಟ್ಟದ್ದೋ ಎಂದು ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ಸಣ್ಣ ಅನುಮಾನವಾದರೆ ಒಂದೆರಡು ಮೆಟ್ಟಿಲು ಹತ್ತಿ, ಹೋಗ್ಲಿ ಬಿಡಿ ಎಂದು ಇಳಿಯುತ್ತಾರೆ. ಅನುಮಾನ ಬಲವಾದರೆ ತಿರುವಿನವರೆಗೆ. ನನ್ನ ಪದಗಳಲ್ಲಿ ಇನ್ನೂ ದಮ್ಮು ಸಾಲದು. ಕೆಲಸದ ಹೊತ್ತಿನಲ್ಲಿ ಅದೇ ಯೋಚನೆ. ಮೇಲಧಿಕಾರಿ ಕರೆದು ನಿಮ್ಮ ಗಮನ ಎಲ್ಲಿದೆ ಎಂದರು.

ಏಪ್ರಿಲ್ ೨೦, ಶನಿವಾರ

ಬ್ರಂಥ್. ಕುದುರೆ ಕೆಮ್ಮುವ ಸದ್ದು.

ಮಾವ ಬಿಲ್ಲೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಕುದುರೆ ಕೆಮ್ಮತ್ತಾ ಎಂದು ಕೇಳಿದರು. ಎಲ್ಲರೂ ಕೆಮ್ಮುತ್ತಾರೆ ಎಂದೆ. ಎದ್ದರು. ಬಾಗಿಲು ದಾಟಿದರು, ಕಂಬಿ ಹಿಡಿದರು. ನಾನು ನೀರಿನ ಲೋಟ ಹಿಡಿದು ಹಿಂದೆ. ತಿರುವಿನಲ್ಲಿ ನಿಂತು ಉಸಿರು ತೆಗೆದುಕೊಂಡರು, ಇಳಿಯುತ್ತಾರೆ ಎಂದುಕೊಂಡೆ. ಇಳಿಯಲಿಲ್ಲ. ಮೇಲೆ ಹೊಲಿಗೆ ಮೆಷಿನ್ನಿನ ಸದ್ದು ನಿಂತಿತು, ಪುಟಗಳು ತಿರುಗಿದವು. ಆಮೇಲೆ ಕಟ್ಟಡಕ್ಕೆಲ್ಲ ಕೇಳುವ ಹಾಗೆ ಮಾವನ ದನಿ:

"ಇಲ್ಲ! ಕುದುರೆನೂ ಇಲ್ಲ, ಕೆಮ್ಮೂ ಇಲ್ಲ!"

ಹೆಂಡತಿ ಕೆಳಗಿನ ಮೆಟ್ಟಿಲಲ್ಲಿ ಕೂತುಬಿಟ್ಟಳು. ನಾನು ಆ ನೀರನ್ನು ಕೊನೆಗೂ ಕುಡಿದೆ. ಸಂಜೆ ಅವಳು ಷಡ್ಡಕರಿಗೆ ಫೋನು ಮಾಡಿ ಮೆಟ್ಟಿಲು ಹತ್ತಿದ ಸುದ್ದಿ ತಿಳಿಸಿದಳು. ತಿಳಿಸಲೇಬೇಕಿತ್ತೇ ಎಂದು ಕೇಳಿದ್ದಕ್ಕೆ, ಕೋಣೆ ಬೇಕು ಅಂತ ಜಪ ಮಾಡ್ತಿದ್ದವ್ರು ಯಾರು ಎಂದಳು. ಹೌದು, ನಾನೇ.

ಏಪ್ರಿಲ್ ೨೮, ಭಾನುವಾರ

ಷಡ್ಡಕರು ಕಾರು ತಂದರು. ಸಾಮಾನು ಹೇರುವ ನಡುವೆ ಕೊನೆಯ ಆಟ. ನಾನು ಸಿ, ಡಬ್ಲ್ಯೂ, ಎಂ ಇಟ್ಟೆ. ಬೆಟ್ಟದ ಮಗ್ಗುಲಿನ ಬಟ್ಟಲಿನಂಥ ಕಣಿವೆ ಎಂದೆ. ಒಂದು ಸ್ವರ ಬೇಡವೇನ್ರೀ, ಇದಕ್ಕಿಂತ ದೊಡ್ಡ ಸುಳ್ಳು ನೀವು ಇಟ್ಟಿಲ್ಲ ಎಂದರು ಮಾವ. ಏಳಲು ಹೊರ‍ಟರು. ಹೊರಗೆ ಹಾರನ್ನು. ಸಂಜೆ ಪೇಷಂಟಿದ್ದಾರೆ ಎಂದು ಷಡ್ಡಕರು ಒಳಗೆ ಬಂದು ಅವಸರ ಮಾಡಿದರು. ಫೋನು ತೆಗೆದು, ನಾನು ನೋಡಿ ಹೇಳ್ತೀನಿ ಎಂದರು. ಫೋನು ಕೇಳಿದ್ದಕ್ಕೆಲ್ಲ ಹೂಂ ಅನ್ನತ್ತೆ ಎಂದು ಮಾವ ಅವರ ಕೈ ತಳ್ಳಿದರು.

ಕಾರಿನ ಕಿಟಕಿಯಿಂದ ನನ್ನ ಕಡೆ ನೋಡಿದರು. ಅನುಮಾನ ತುಂಬಿದ ನೋಟ. ಹೋಗಿ ಬರ್ತೀನಿ ಎಂದೂ ಹೇಳಲಿಲ್ಲ.

ಮೇ ೨, ಗುರುವಾರ

ಮುಂದಿನ ಕೋಣೆ ನನ್ನದು. ಕುರ್ಚಿ ಬಂತು. ಟೀವಿ ಹಾಕಿದೆ, ಆರಿಸಿದೆ. ಟವಲ್ ಒಣಗಿಸಲು ಜಾಗವಿಲ್ಲ. ಮೇಲಿನಿಂದ ಡಿಕ್ಷನರಿ ತಂದು ಸ್ಟೂಲಿನ ಮೇಲಿಟ್ಟೆ, ಎಲ್ಲಿಯಾದರೂ ಇಡಬೇಕಲ್ಲ.

ಇವತ್ತು ಕೆಲಸದಲ್ಲಿ ಯು ಇಲ್ಲದ ಕ್ಯೂ ಪದ ಇನ್ನೊಂದು ಸಿಕ್ಕಿತು. ಯಾರಿಗೆ ಹೇಳಲಿ?

ಮೇ ೭, ಮಂಗಳವಾರ

ಮಧ್ಯಾಹ್ನ ಬಾಗಿಲು ಬಡಿದ ಸದ್ದು. ತೆಗೆದರೆ ಮಾವ. ಒಬ್ಬರೇ. ವಾಕರ್ ಇಲ್ಲ, ಕೈಯಲ್ಲೊಂದು ಕೋಲು, ಜೇಬಿನಲ್ಲಿ ಎರಡು ಬಸ್ಸಿನ ಟಿಕೆಟ್ಟು. ಚಪ್ಪಲಿ ಬಿಟ್ಟು, ನನ್ನನ್ನು ಕೋಲಿನಿಂದ ಪಕ್ಕಕ್ಕೆ ಸರಿಸಿ ಒಳಗೆ ನಡೆದರು. ಡಿಕ್ಷನರಿ ಇಲ್ಲೇ ಇದೆ ಮಾವ ಎಂದೆ. ಹೇಳ್ಬೇಡಿ ಎಂದು ಗದರಿದರು.

ಬೀರುವಿನ ಮೇಲೆ ನೋಡಿದರು. ಅಡುಗೆಮನೆ ನೋಡಿದರು. ಹೊರಗೆ ಹೋಗಿ ಮೆಟ್ಟಿಲು ಹತ್ತಿದರು, ಮೆಷಿನ್ನಿನ ಸದ್ದು ನಿಂತು ಮತ್ತೆ ಶುರುವಾಯಿತು, ಇಳಿದು ಬಂದರು. ಅಷ್ಟು ಹೊತ್ತಿಗೆ ಷಡ್ಡಕರ ಫೋನು ಬಂತು. ಮಾವ ಹೇಳದೆ ಕೇಳದೆ ಎಲ್ಲೋ ಹೋಗಿದ್ದಾರೆ ಎಂದು ಹೌಹಾರಿದ್ದರು. ಗಾಬರಿಯಾಗಬೇಡಿ ಎಂದೆ.

ಕೊನೆಗೆ ಮುಂದಿನ ಕೋಣೆಯಲ್ಲಿ, ತಮ್ಮ ಹಾಸಿಗೆಯಿದ್ದ ಜಾಗದ ಪಕ್ಕ, ಸ್ಟೂಲಿನ ಮೇಲೆ ಅದು ಅವರ ಕಣ್ಣಿಗೆ ಬಿತ್ತು. ತಿರುಗಿ ನನ್ನನ್ನು ನೋಡಿದರು. ನಿಜವಾಗಿ ಸಿಟ್ಟು ಬಂದಿತ್ತು.

"ಇಷ್ಟು ಹತ್ರ ಯಾಕಿಟ್ರಿ? ನನಗೇನಾಗಿದೆ ಅಂತ?"

ಸ್ಟೂಲಿನ ಮೇಲೆ ಧೂಳು ಹೆಚ್ಚು ಎಂದು ಟವಲಿನಿಂದ ಒರೆಸತೊಡಗಿದೆ.

ಅವರು ಕೂತು ಸಿ ಪುಟ ತೆಗೆದರು. ಬೆರಳು ಕೆಳಗಿಳಿಯುತ್ತ ಹೋಗಿ ನಿಂತಿತು. ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು. ಕಣಿವೆ ಅಲ್ಲೇ ಇತ್ತು. ಸದ್ದಿಲ್ಲದೆ ಪುಸ್ತಕ ಮುಚ್ಚಿದರು. ನನ್ನ ಸರದಿ ಹೋಯ್ತು, ನೀವೇ ಇಡಿ ಎಂದರು. ನಾನು ಹಲಗೆ ಹರಡುತ್ತಿದ್ದಾಗ ಡಿಕ್ಷನರಿಯನ್ನು ನನ್ನ ಕಡೆ ನೂಕಿದರು.

"ಮೊದ್ಲು ಇದನ್ನ ಅದರ ಜಾಗದಲ್ಲಿ ಇಟ್ಟು ಬನ್ನಿ."

ಮೇಲೆ ಹೋಗಿ ಟೈಲರಮ್ಮನಿಗೆ ಕೊಟ್ಟು ಬಂದೆ. ಬಿಲ್ಲೆಗಳನ್ನು ನೋಡಿದರೆ ಒಂದೂ ಕೆಲಸಕ್ಕೆ ಬರುವಂತಿರಲಿಲ್ಲ. ಬೇರೆ ದಾರಿಯಿಲ್ಲದೆ ಕ್ಯಾಟ್ ಎಂದು ಇಟ್ಟೆ. ಮಾವ ಅದನ್ನು ಆ ಕಡೆಯಿಂದ ನೋಡಿದರು, ಈ ಕಡೆಯಿಂದ ನೋಡಿದರು.

"ನನಗ್ಯಾಕೋ ಅನುಮಾನ" ಎಂದು ಕೋಲು ತೆಗೆದುಕೊಂಡು ಎದ್ದರು.

ನನಗೂ ಬಾಯಾರಿಕೆಯಾಗಿತ್ತು. ಟೈಲರಮ್ಮನ ಮನೆಯಲ್ಲೂ ನೀರು ಇರುತ್ತದಲ್ಲ. ಕುರ್ಚಿ ಹಿಡಿದುಕೊಂಡು ಹಿಂದೆಯೇ ಹೊರಟೆ.